ಫ್ಯಾಟ್ ಸರಿ ಬಂದ ದಿನ

ಮಲ್ಲಿಪಟ್ಟಣದಲ್ಲಿ ಬಸ್ಸಿಳಿದು ಜೋಳದ ಹೊಲಗಳ ನಡುವೆ ಒಂದಿಷ್ಟು ನಡೆದರೆ ನಮ್ಮ ಕೊಪ್ಪಲು ಸಿಗುತ್ತದೆ. ಅಲ್ಲಿಯ ಹಾಲಿನ ಡೈರಿಗೆ ನಾನು, ನೀಲಾಂಬಿಕೆ, ಸೆಕ್ರೆಟರಿ ಆಗಿದ್ದೆ. ಆಗಿದ್ದೆ ಎಂದು ಬರೆಯುವಾಗ ಈಗಲೂ ಮೈ ಉರಿಯುತ್ತದೆ. ಬೆಳಿಗ್ಗೆ ಸಂಜೆ ಹಾಲು ಅಳೆಯುವುದು, ಒಂದು ಸಣ್ಣ ಲೋಟದಷ್ಟನ್ನು ಯಂತ್ರದ ಮೂತಿಗೆ ಹಿಡಿಯುವುದು, ಅದು ಹೀರಿಕೊಂಡು ಫ್ಯಾಟ್ ಎಷ್ಟೆಂದು ತೋರಿಸಿದ ಮೇಲೆ ಚೀಟಿ ಹರಿದು ಕೊಡುವುದು, ಇಷ್ಟೇ ನನ್ನ ಕೆಲಸ. ಫ್ಯಾಟ್ ಹೆಚ್ಚಿದ್ದರೆ ರೇಟು ಹೆಚ್ಚು, ಇಳಿದರೆ ಕಡಿಮೆ. ನಮ್ಮೂರಿನವರು ಮಕ್ಕಳ ಮಾರ್ಕ್ಸ್ ಮರೆತರೂ ತಮ್ಮ ಹಸುವಿನ ಫ್ಯಾಟ್ ಮರೆಯುವವರಲ್ಲ.

ಹೋದ ವರ್ಷ ಗೌರಿ ಹಬ್ಬ ಕಳೆದ ಮೇಲೆ ಆ ಫ್ಯಾಟ್ ಇಳಿಯತೊಡಗಿತು. ಎಲ್ಲರದೂ ಅಲ್ಲ, ಎಲ್ಲ ದಿನವೂ ಅಲ್ಲ. ಬಾಗಿಲು ತೆರೆದ ಕೂಡಲೇ ಹಾಲು ಹಾಕಿದವರಿಗೆ ಸರಿಯಾಗಿ ಬರುತ್ತಿತ್ತು. ಅರ್ಧ ಗಂಟೆ ಕಳೆದು ಯಂತ್ರ ಬೆಚ್ಚಗಾಯಿತೋ, ಸಾಲಿನ ಹಿಂದಿದ್ದವರಲ್ಲಿ ಯಾರಿಗಾದರೂ ನಾಲ್ಕರ ಜಾಗದಲ್ಲಿ ಮೂರೂವರೆ, ಮೂರು. ಮೊದಲು ಬರುವವರು ಯಾರು? ಡೈರಿಗೆ ಅಂಟಿಕೊಂಡಿರುವ ನಮ್ಮ ಬೀದಿಯವರು. ಎಲ್ಲರಿಗಿಂತ ಮೊದಲು ಹಾಲು ಹಾಕುವುದು ಯಾರು? ನಾನೇ. ನಮ್ಮ ಹಸುವಿನ ಫ್ಯಾಟ್ ಒಂದು ದಿನವೂ ಇಳಿಯಲಿಲ್ಲ. ನಾನು ಸಾಲಿನ ಹಿಂದೆ ನಿಲ್ಲುವವಳಾಗಿದ್ದು ಬೇರೆ ಯಾರಾದರೂ ಸೆಕ್ರೆಟರಿ ಆಗಿದ್ದರೆ ನಾನೂ ಅನುಮಾನ ಪಡುತ್ತಿದ್ದೆ, ಸುಳ್ಳೇಕೆ.

ಯಂತ್ರದ ಕಂಪನಿಯಿಂದ ಒಬ್ಬ ಮಧ್ಯಾಹ್ನದ ಬಿಸಿಲಲ್ಲಿ ಬಂದ. ಆಗಷ್ಟೇ ಸ್ವಿಚ್ ಹಾಕಿದ ತಣ್ಣನೆಯ ಯಂತ್ರಕ್ಕೆ ತಾನು ತಂದ ಹಾಲು ಕುಡಿಸಿ, ಎಲ್ಲ ಸರಿಯಾಗಿದೆ ಎಂದು ಸಹಿ ಮಾಡಿ ಹೋದ. ಅಲ್ಲಿಗೆ ತಪ್ಪು ಯಂತ್ರದ್ದಲ್ಲ ಎಂದಾಯಿತು. ಯಂತ್ರದ್ದಲ್ಲ ಎಂದ ಮೇಲೆ ಇನ್ನು ಯಾರದು?

ರವೀಂದ್ರನ ಹಟ್ಟಿ ಊರಿನ ಆ ಕೊನೆಗೆ. ಅವನು ಯಾವಾಗಲೂ ಸಾಲಿನ ಬಾಲದಲ್ಲಿ ಬರುವವನು, ಹಾಗಾಗಿ ಏಟು ಹೆಚ್ಚು ಬಿದ್ದದ್ದು ಅವನಿಗೇ. ಒಂದು ಸಂಜೆ ಚೀಟಿಯನ್ನು ಮುದುರಿ ಎಸೆದು ಎಲ್ಲರೆದುರು ಹೇಳಿದ: "ನಮ್ ಹಸೀನ ಕೊಬ್ಬೆಲ್ಲ ಇವಳ ಮನೆ ಲೆಕ್ಕಕ್ಕೆ ಓಯ್ತಾ ಐತೆ. ಇಲ್ಲ ಅನ್ನಂಗಿದ್ರೆ ಬಸವಣ್ಣನ ಗುಡಿಗೆ ಬಂದು ದೀಪ ಮುಟ್ಟಿ ಪ್ರಮಾಣ ಮಾಡ್ಲಿ. ನಾನು ಬಾಯಿ ಮುಚ್ಕತೀನಿ."

ನಮ್ಮಲ್ಲಿ ಇದು ಹೊಸದಲ್ಲ. ಕಳುವಿನ ಮಾತು ಬಂದರೆ ಗುಡಿಯೊಳಗೆ ಉರಿಯುವ ದೀಪ ಮುಟ್ಟಿ ನಾನಲ್ಲ ಎನ್ನಬೇಕು. ಹಾಗೆಂದವರನ್ನು ಆಮೇಲೆ ಯಾರೂ ಕೆಣಕುವುದಿಲ್ಲ. ಮನೆಯಲ್ಲಿ ನಮ್ಮ ಯಜಮಾನರು, "ಮುಟ್ಟಿ ಬಂದ್ಬುಡು ಅತ್ಲಾಗೆ. ಒಂದು ಗಳಿಗೆ ಕೆಲ್ಸ," ಎಂದರು. ಅನಸೂಯಮ್ಮನೂ ಅದನ್ನೇ ಹೇಳಿದಳು. ಒಂದೇ ಹಸು ಕಟ್ಟಿಕೊಂಡು ಒಂಟಿಯಾಗಿ ಬಾಳುವ ಹೆಂಗಸು ಅವಳು. ಸಾಲಿನ ಹಿಂದೆ ನಿಂತು ದಿನವೂ ಮೂರರ ಚೀಟಿ ಪಡೆದು ಹೋಗುತ್ತಿದ್ದರೂ, "ನಮ್ ನೀಲವ್ವ ಕದಿಯೋ ಪೈಕಿ ಅಲ್ಲ ಕಣ್ರಪ್ಪ," ಎಂದು ಊರೆಲ್ಲ ಜಗಳ ಆಡಿಕೊಂಡು ಬಂದವಳು ಅವಳೊಬ್ಬಳೇ.

ಆದರೆ ನನಗೊಬ್ಬ ತಮ್ಮನಿದ್ದ, ಅಲ್ಲೇ ಬಂತು ನೋಡಿ. ಸಿದ್ದೇಶ್ವರ ಡಿಪ್ಲೊಮಾ ಓದಿದವನು, ಹೊಳೆನರಸೀಪುರದಲ್ಲಿ ಯುಪಿಎಸ್, ತೂಕದ ಯಂತ್ರ, ಪಂಪಿನ ಸ್ಟಾರ್ಟರ್ ರಿಪೇರಿ ಮಾಡುತ್ತಾನೆ. ಫೋನಿನಲ್ಲೇ ಕೆರಳಿದ: "ದೀಪ ಮುಟ್ಟೋದು ಗೀಟೋದು ಏನೂ ಬ್ಯಾಡ ಕಣಕ್ಕ. ಯಂತ್ರ ತಪ್ಪು ಮಾಡಿದ್ರೆ ನೀನ್ಯಾಕೆ ಪ್ರಮಾಣ ಮಾಡ್ಬೇಕು? ಸ್ಕೋಪ್ ತಂದು ಆ ತಪ್ಪನ್ನೇ ಹಿಡಿದು ಊರಿಗೆ ತೋರುಸ್ತೀನಿ."

ಆ ಮಾತು ನನ್ನ ತಲೆಗೇರಿತು. ಮಾರನೆಯ ದಿನ ರವೀಂದ್ರನ ಮುಖಕ್ಕೆ ಹೇಳಿದೆ, "ದೀಪ ನಾನು ಮುಟ್ಟಾಕಿಲ್ಲ. ನನ್ನ ತಮ್ಮ ಸ್ಕೋಪ್ ತತ್ತಾನೆ, ಅದರಲ್ಲೇ ನೋಡ್ಕಳಿ." ಡೈರಿಯ ಅಧ್ಯಕ್ಷ ಬಸವರಾಜು ಎದುರಿಗೇ ಇದ್ದ. ಅವನು ಗಲ್ಲ ಕೆರೆದುಕೊಂಡದ್ದನ್ನೇ ನಾನು ಒಪ್ಪಿಗೆ ಎಂದುಕೊಂಡೆ.

ಸ್ಕೋಪು ಎಂದರೇನೆಂದು ನನಗೆ ಆಗ ಗೊತ್ತಿರಲಿಲ್ಲ. ಹೊಳೆನರಸೀಪುರದ ಅವನ ಅಂಗಡಿಯಲ್ಲಿ ಕೂತು ಸಿದ್ದೇಶ್ವರ ವಿವರಿಸಿದ: ತಂತಿಯಲ್ಲಿ ಓಡುವ ಕರೆಂಟನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಪೆಟ್ಟಿಗೆ ಅದು. ಹಾಲಿನ ಯಂತ್ರ ಒಂದು ಸ್ಯಾಂಪಲನ್ನು ಒಂದೇ ಸಲ ನೋಡಿ ಬಿಡುವುದಿಲ್ಲವಂತೆ, ಹಲವು ಸಲ ನೋಡಿ ಸರಾಸರಿ ಹೇಳುತ್ತದಂತೆ. ಒಳಗಿನ ಒಂದು ಎಲೆಕ್ಟ್ರಾನಿಕ್ ಚಿಪ್, ಹಾಲಿನಿಂದ ಬರುವ ಕರೆಂಟಿನ ಏರಿಳಿತವನ್ನು ಅಂಕಿಯಾಗಿ ಮಾಡಿ ಇನ್ನೊಂದು ಚಿಪ್ಪಿಗೆ ತಂತಿಯ ಮೇಲೆ ಓಡಿಸುತ್ತದೆ. "ಓಡೋವಾಗ ಒಂದೆರಡು ಅಂಕಿ ಎಡವಿ ಬಿದ್ರೆ ಸರಾಸರಿ ಇಳ್ದೋಯ್ತದೆ. ಕರೆಂಟಿನ ಅಲೆನೂ ಕಾಣ್ಬೇಕು, ಅಂಕಿನೂ ಕಾಣ್ಬೇಕು, ಎರಡೂ ಒಂದೇ ಪರದೆ ಮೇಲೆ, ಒಂದೇ ಗಳಿಗೇಲಿ. ಅದಕ್ಕೆ ಮಿಕ್ಸೆಡ್ ಸಿಗ್ನಲ್ ಸ್ಕೋಪೇ ಬೇಕು," ಎಂದ. ಹೇಗೂ ತನ್ನ ಅಂಗಡಿಗೆ ಒಂದು ಕೊಳ್ಳಬೇಕೆಂದು ಆಸೆಪಟ್ಟುಕೊಂಡಿದ್ದ, ಈಗ ನನ್ನ ನೆಪವೂ ಸಿಕ್ಕಿತು.

ಆಮೇಲೆ ಶುರುವಾಯಿತು ಅವನ ಆಯ್ಕೆ. ಹೆಣ್ಣು ನೋಡುವಾಗಲೂ ಇಷ್ಟು ಮನೆ ಅಲೆದಿರಲಿಲ್ಲ. ಹಾಸನದ ಅಂಗಡಿಯೊಂದರಲ್ಲಿದ್ದ ಸ್ಕೋಪಿಗೆ ಎರಡೇ ಚಾನೆಲ್, ಅಂದರೆ ಎರಡೇ ಗೆರೆ ಎಂದು ಬಿಟ್ಟ. ಇನ್ನೊಂದು ನಾಲ್ಕು ಚಾನೆಲಿನದು, ಆದರೆ ಅಂಕಿ ತೋರಿಸುವ ಡಿಜಿಟಲ್ ಗೆರೆಗಳ ಜಾಗ ಬರೀ ತೂತು, ಒಳಗೆ ಏನೂ ಇಲ್ಲ, ಆ ಭಾಗ ಬೇರೆ ಕೊಳ್ಳಬೇಕು ಎಂದು ಬಿಟ್ಟ. ಫೋನಿನಲ್ಲಿ ವೀಡಿಯೋ ಹಚ್ಚಿ, ಬ್ಯಾಂಡ್‌ವಿಡ್ತ್ ಎಷ್ಟು, ನೆನಪಿನಲ್ಲಿ ಎಷ್ಟು ಹೊತ್ತಿನ ಗೆರೆ ಉಳಿಯುತ್ತದೆ ಎಂದು ಊಟದ ತಟ್ಟೆಯ ಮುಂದೆಯೂ ನೋಡುತ್ತಿದ್ದ. ಇತ್ತ ಡೈರಿಯಲ್ಲಿ ನಾನು ಒಂದೊಂದು ಚೀಟಿ ಹರಿಯುವ ಮೊದಲೂ ಅಂಕಿಯನ್ನು ಎರಡೆರಡು ಸಲ ನೋಡುತ್ತಿದ್ದೆ. "ಯಾವುದಾದ್ರೂ ಒಂದು ತಗಳೋ ಮಾರಾಯ," ಎಂದು ಗೋಗರೆದೆ. "ತಪ್ಪು ಸ್ಕೋಪ್ ತಗಂಡ್ರೆ ತಪ್ಪೇ ಕಾಣಾಕಿಲ್ಲ ಕಣಕ್ಕ," ಎಂದ. ಅದೂ ನಿಜವೇ ಎನಿಸಿತು.

ಕೊನೆಗೆ ಚನ್ನರಾಯಪಟ್ಟಣದಲ್ಲಿ ಒಂದು ಗೊತ್ತಾಯಿತು. ಮೋಹನ್‌ಕುಮಾರ್ ಎಂಬುವರು ಬೆಂಗಳೂರಿನ ಕಾರ್ಖಾನೆಯೊಂದರಿಂದ ನಿವೃತ್ತರಾಗಿ ಬಂದು ಮನೆಯ ಮಹಡಿಯಲ್ಲಿ ಸಣ್ಣ ಲ್ಯಾಬ್ ಇಟ್ಟುಕೊಂಡಿದ್ದರು. ಕಣ್ಣಿನ ಆಪರೇಷನ್ ಆಗಿ ಎಲ್ಲ ಮಾರುತ್ತಿದ್ದರು. ನಾನೂ ಜೊತೆಗೆ ಹೋದೆ. ಸ್ಕೋಪು ಚೆನ್ನಾಗಿಯೇ ಇತ್ತು. ಅಗಲವಾದ ಪರದೆ, ನಾಲ್ಕು ಬಣ್ಣದ ಗೆರೆ, ಕೆಳಗೆ ಹದಿನಾರು ಡಿಜಿಟಲ್ ಗೆರೆಗಳು ಕೋಲಾಟದವರ ಹಾಗೆ ಏಳುತ್ತ ಬೀಳುತ್ತ ಇದ್ದವು. ಸಿದ್ದೇಶ್ವರನ ಮುಖ ನೋಡಬೇಕಿತ್ತು. ಅದರೊಂದಿಗೆ ಮಾಮೂಲಿ ಪ್ರೋಬುಗಳು, ಅಂದರೆ ತುದಿಯಲ್ಲಿ ಕೊಕ್ಕೆಯಿರುವ ಅಳೆಯುವ ತಂತಿಗಳು, ಒಂದು ಕಟ್ಟು ಬಂದವು.

ಮೋಹನ್‌ಕುಮಾರ್ ಒಳಗಿನಿಂದ ಒಂದು ಮರದ ಪೆಟ್ಟಿಗೆ ತಂದು ತೆರೆದರು. ಸ್ಪಂಜಿನ ಗುಳಿಯಲ್ಲಿ ಪೆನ್ನಿನಷ್ಟು ಸಪೂರದ ಒಂದು ಪ್ರೋಬು ಮಲಗಿತ್ತು. "ಇದನ್ನೂ ತಗೊಂಡ್ಬಿಡಪ್ಪ. ಆಕ್ಟಿವ್ ಪ್ರೋಬು. ಮಾಮೂಲಿ ಪ್ರೋಬು ಮುಟ್ಟಿದ ಕಡೆ ಕರೆಂಟಿನ ಮೇಲೆ ಸ್ವಲ್ಪ ಭಾರ ಹಾಕುತ್ತೆ, ಇದು ಹಾಕೋದು ಇಲ್ಲವೇ ಇಲ್ಲ ಅನ್ನೋವಷ್ಟು ಕಮ್ಮಿ. ನೀನು ಹುಡುಕೋದು ತೀರಾ ಸಣ್ಣ ತಪ್ಪಾದರೆ ಇದೇ ಬೇಕಾಗೋದು," ಎಂದರು.

ಸಿದ್ದೇಶ್ವರ ಸ್ಕೋಪಿನ ಗುಂಡಿ ತಿರುಗಿಸುವುದರಲ್ಲೇ ಮುಳುಗಿದ್ದ. "ಜೊತೇಲಿ ಬಂದಿರೋವೇ ಸಾಕು ಸಾ. ಪ್ರೋಬಿನ ಸ್ವಿಚ್ಚನ್ನ ಹತ್ತು ಪಟ್ಟಿನ ಕಡೆಗೆ ಹಾಕ್ಕಂಡ್ರೆ ಭಾರ ಕಮ್ಮಿ ಆಯ್ತದೆ," ಎಂದ. ಹಸು ಕೊಳ್ಳುವಾಗ ಕೊಂಬು, ಬಣ್ಣ, ಸುಳಿ ಎಲ್ಲ ನೋಡಿ ಕೆಚ್ಚಲನ್ನು ನೋಡದೆ ಹೊಡೆದುಕೊಂಡು ಬಂದ ಹಾಗಾಯಿತು ಎಂದು ನನಗೆ ಆಗ ಹೊಳೆದಿದ್ದರೆ! ಹೊಳೆಯಲಿಲ್ಲ. ಬಸ್ಸಿನಲ್ಲಿ ಸ್ಕೋಪನ್ನು ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ನಗುತ್ತ ಬಂದೆವು. ನನ್ನ ಮರ್ಯಾದೆಯನ್ನೇ ಹೊತ್ತು ತರುತ್ತಿದ್ದೇವೆ ಎಂದುಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಡೈರಿಯಲ್ಲಿ ಜಾಗ ಸಾಲಲಿಲ್ಲ. ಬಸವರಾಜು ಸ್ಕೋಪಿಗೆ ಊದುಬತ್ತಿ ಬೆಳಗಿದ. ಹಾಲಿನ ಯಂತ್ರದ ಮುಚ್ಚಳ ತೆಗೆದು ಸಿದ್ದೇಶ್ವರ ಅಂಕಿ ಓಡುವ ತಂತಿಗೆ ಪ್ರೋಬಿನ ಕೊಕ್ಕೆ ಸಿಕ್ಕಿಸಿದ. ಪರದೆಯ ಮೇಲೆ ಹಳದಿ ಗೆರೆ ಕೋಟೆಗೋಡೆಯ ತೆನೆಗಳಂತೆ ಏರಿ ಇಳಿದು ಓಡಿತು. "ಅಂಕಿ ಎಡವೋ ಕಡೆ ಈ ಗೆರೇಲಿ ಒಂದು ಮುಳ್ಳು ಏಳ್ತದೆ, ಎದ್ದ ತಕ್ಷಣ ಇದು ಹಿಡಿದು ನಿಲ್ಲುಸ್ತದೆ. ಕಣ್ಣಾರೆ ನೋಡೋರಂತೆ," ಎಂದು ಜನಕ್ಕೆಲ್ಲ ಹೇಳಿದ.

ಸಾಲು ಕರಗಿತು, ಯಂತ್ರ ಬೆಚ್ಚಗಾಯಿತು, ರವೀಂದ್ರನ ಹಾಲೂ ಬಂತು. ನಾಲ್ಕು ಪಾಯಿಂಟ್ ಒಂದು. ಅನಸೂಯಮ್ಮನದು ನಾಲ್ಕೂಕಾಲು. ಮುಳ್ಳು ಏಳಲಿಲ್ಲ. ಸಂಜೆಯೂ ಏಳಲಿಲ್ಲ. ಆ ವಾರವಿಡೀ ಸಿದ್ದೇಶ್ವರ ಸ್ಟೂಲಿನ ಮೇಲೆ ಕೊಕ್ಕರೆಯಂತೆ ಕೂತ. ಪ್ರೋಬನ್ನು ಒಂದು ಪಟ್ಟಿನ ಕಡೆ ಹಾಕಿದ, ಹತ್ತು ಪಟ್ಟಿನ ಕಡೆ ಹಾಕಿದ, ಡಿಜಿಟಲ್ ತಂತಿಗಳನ್ನೂ ಸಿಕ್ಕಿಸಿದ. ಒಬ್ಬರ ಫ್ಯಾಟೂ ಇಳಿಯಲಿಲ್ಲ. ದೇವರೇ, ಒಂದೇ ಒಂದು ಸಲ ತಪ್ಪು ಬರಲಪ್ಪ ಎಂದು ನಾನು ಹಾಲು ಹಿಡಿಯುತ್ತ ಬೇಡಿಕೊಳ್ಳುತ್ತಿದ್ದೆ. ಊರಿನವರ ಹಾಲಿಗೆ ಕೇಡು ಬಯಸಿದ್ದು ನನ್ನ ಜೀವಮಾನದಲ್ಲಿ ಆಗಲೇ.

ಜನರ ಕಣ್ಣು ಬದಲಾದದ್ದು ನನಗೆ ತಿಳಿಯುತ್ತಿತ್ತು. ಮೊದಲು ಪರದೆಯನ್ನು ನೋಡುತ್ತಿದ್ದವರು ಈಗ ನನ್ನ ಕೈಯನ್ನು ನೋಡುತ್ತಿದ್ದರು.

ಭಾನುವಾರ ಸಿದ್ದೇಶ್ವರ ಸೋತು ಸ್ಕೋಪು ಕಟ್ಟಿಕೊಂಡು ಹೊಳೆನರಸೀಪುರಕ್ಕೆ ಹೋದ. ಆ ಸಂಜೆಯೇ ರವೀಂದ್ರನ ಚೀಟಿಯಲ್ಲಿ ಮೂರು ಪಾಯಿಂಟ್ ಮೂರು ಬಂತು. ಅವನು ಕೂಗಾಡಲಿಲ್ಲ. ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ನಕ್ಕ, ಅಷ್ಟೇ. ಅದಕ್ಕಿಂತ ಅವನು ನನಗೆ ಹೊಡೆದಿದ್ದರೆ ವಾಸಿಯಿತ್ತು.

ಈ ಸುದ್ದಿಯನ್ನು ಸಿದ್ದೇಶ್ವರನಿಗೆ ಫೋನಿನಲ್ಲಿ ಹೇಳಿದೆ. "ಅಯ್ಯೋ ಅಕ್ಕ," ಎಂದ. "ನಾನೇ ಕಣಕ್ಕ ಅದನ್ನ ಸರಿ ಮಾಡ್ತಾ ಇದ್ದದ್ದು. ಪ್ರೋಬ್ ಸಿಕ್ಕಿಸಿದ ತಕ್ಷಣ ಅದರ ಭಾರಕ್ಕೆ ಮುಳ್ಳು ಬಾಗೋಯ್ತದೆ. ತೆಗೆದ್ರೆ ಮತ್ತೆ ಏಳ್ತದೆ. ಆ ಚನ್ನರಾಯಪಟ್ಟಣದ ಯಜಮಾನ್ರು ಬಡ್ಕಂಡ್ರು, ಮುಟ್ಟಿದ್ರೂ ಮುಟ್ಟದಂಗಿರೋ ಪ್ರೋಬ್ ತಗ ಅಂತ." ಕೂಡಲೇ ಮೋಹನ್‌ಕುಮಾರರಿಗೆ ಫೋನ್ ಮಾಡಿದ. ಆ ಮರದ ಪೆಟ್ಟಿಗೆ ಹಿಂದಿನ ವಾರವೇ ಯಾರ ಪಾಲಿಗೋ ಹೋಗಿತ್ತು.

ಡೈರಿಯ ಸಭೆ ಸೇರಿತು. ಸಿದ್ದೇಶ್ವರ ಎದ್ದು ನಿಂತು, ತಂತಿ, ಭಾರ, ಮುಳ್ಳು ಎಂದು ಬೆವರುತ್ತ ಬಿಡಿಸಿ ಹೇಳಿದ. ಪ್ರೋಬಿನಷ್ಟೇ ಭಾರ ಹಾಕುವ ಕೆಪಾಸಿಟರ್ ಎಂಬ ಸಣ್ಣ ಬಿಡಿಭಾಗವನ್ನು ಆ ತಂತಿಗೆ ಬೆಸುಗೆ ಹಾಕಿಬಿಟ್ಟರೆ ಇನ್ನು ಯಾವತ್ತೂ ಫ್ಯಾಟ್ ಜಾರುವುದಿಲ್ಲ ಎಂದ. ಎಲ್ಲರೂ ಕೇಳಿದರು. ಕೇಳಿ ಮುಗಿದ ಮೇಲೆ ಬಸವರಾಜು ಮೆಲ್ಲಗೆ, "ಅಂದ್ರೆ ನೀನು ಮುಟ್ಕಂಡು ಕೂತಿದ್ರೆ ಸರಿಯಾಗಿ ಬತ್ತದೆ, ನಿಮ್ಮಕ್ಕ ಒಬ್ಬಳೇ ಇದ್ರೆ ತಪ್ಪು ಬತ್ತದೆ. ನಾವೂ ಅದನ್ನೇ ಅಲ್ವೇನಪ್ಪ ಯೋಳ್ತಿರೋದು?" ಎಂದ.

ಸಭೆ ಘೊಳ್ಳೆಂದಿತು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಎದ್ದು, "ನಡೀರಿ ಗುಡಿಗೆ. ಈಗಲೇ ದೀಪ ಮುಟ್ತೀನಿ," ಎಂದೆ.

"ಅವತ್ತು ಒಲ್ಲೆ ಅಂದೋಳು ಇವತ್ತು ಯಾಕವ್ವ? ಸಿಕ್ಕಾಕ್ಕಂಡ ಮ್ಯಾಲೆ ದೀಪ ಮುಟ್ಟಿದ್ರೆ ದೀಪಕ್ಕೇ ಅವಮಾನ," ಎಂದ ರವೀಂದ್ರ. ತಲೆಗಳು ಅಲ್ಲಾಡಿದವು. ದೀಪಕ್ಕೆ ಕರೆದಾಗ ಬರುವುದಿಲ್ಲ ಎಂದವಳು ಕಳ್ಳಿ, ನಮ್ಮಲ್ಲಿ ಇದಕ್ಕೆ ಎರಡನೆಯ ಅರ್ಥವಿಲ್ಲ. ಹುಟ್ಟಿ ಬೆಳೆದ ಊರಿನ ಈ ಕ್ರಮವನ್ನು ಒಂದು ಸ್ಕೋಪಿನ ಗರ್ವದಲ್ಲಿ ಮರೆತಿದ್ದೆನಲ್ಲ! ಯಂತ್ರದ ಹತ್ತಿರ ಅಕ್ಕ ತಮ್ಮ ಇಬ್ಬರೂ ಸುಳಿಯಬಾರದು ಎಂದು ತೀರ್ಮಾನವಾಯಿತು. ನನ್ನ ಜಾಗಕ್ಕೆ ರವೀಂದ್ರನ ಹೆಂಡತಿ ತೇಜಶ್ರೀಯನ್ನು ಕೂರಿಸಿದರು. ಪಿಯುಸಿ ಓದಿದ, ಜೋರಾಗಿ ಮಾತಾಡಲೂ ಹೆದರುವ ಹುಡುಗಿ. ಕೀಲಿಕೈ ಅವಳ ಕೈಗೆ ಕೊಡುವಾಗ ಅವಳೇ ಅತ್ತಳು. ನಾನು ಅಳಲಿಲ್ಲ. ಮನೆಗೆ ಬಂದು ಕೊಟ್ಟಿಗೆಯಲ್ಲಿ ಅತ್ತೆ.

ಹೊಸ ಸೆಕ್ರೆಟರಿ ಕೂತು ವಾರವೂ ತುಂಬಿರಲಿಲ್ಲ, ಒಂದು ಮಧ್ಯಾಹ್ನ ತೇಜಶ್ರೀ ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ, "ಅಕ್ಕಾ, ನನಗೂ ಅಂಗೇ ಬತ್ತಾ ಐತೆ," ಎಂದಳು. "ಯಂತ್ರ ಕಾದ ಮ್ಯಾಲೆ ಇಳ್ದೋಯ್ತದೆ. ಕಮ್ಮಿ ಬಂದೋರಿಗೆ ಇನ್ನೊಂದು ಸಲ, ಮತ್ತೊಂದು ಸಲ ಹಿಡಿದು, ಸರಿ ಬಂದಾಗ ಚೀಟಿ ಕೊಡ್ತಿವ್ನಿ. ಜನಕ್ಕೆ ಅನುಮಾನ ಸುರುವಾಗೈತೆ. ನಮ್ಮೆಜಮಾನ್ರಿಗೆ ಯೋಳುದ್ರೆ ಹೊಡೀತಾರೆ. ನೀವು ಕದ್ದಿಲ್ಲ ಅಂತ ನನಗೆ ಗೊತ್ತಾಯ್ತು ಕಣಕ್ಕ. ನಿಮ್ಮ ತಮ್ಮನ್ನ ಕರ್ಸಿ, ಅದೇನೋ ಬೆಸುಗೆ ಹಾಕುಸ್ಬುಡಿ. ಆಮ್ಯಾಕೆ ಸಭೇಲಿ ನಾನೇ ಎದ್ದು ಯೋಳ್ತೀನಿ, ತಪ್ಪು ಯಂತ್ರದ್ದು, ಅಕ್ಕಂದಲ್ಲ ಅಂತ. ಬಸವಣ್ಣನ ಆಣೆಗೂ."

ನನಗೆ ಮೊದಲು ಬಂದದ್ದು ಕರುಣೆಯಲ್ಲ, ಖುಷಿ. ಎದೆಯೊಳಗೆ ಹಾಲು ಉಕ್ಕಿದ ಹಾಗಾಯಿತು. ನಿಂತಲ್ಲಿಂದಲೇ ಫೋನ್ ಮಾಡಿದರೆ ಸಿದ್ದೇಶ್ವರನಂತೂ ಕಿರುಚಿದ: "ಮುಟ್ಟಬ್ಯಾಡ ಕಣಕ್ಕ! ಇನ್ನೊಂದು ವಾರ ತಡ್ಕ. ಊರೇ ನೋಡ್ಲಿ. ರವೀಂದ್ರನ ಹೆಂಡ್ತಿ ಕೈಲೂ ಫ್ಯಾಟ್ ಇಳೀತು ಅಂದ್ರೆ ನಿನ್ನ ಹೆಸರು ತಾನಾಗೇ ತೊಳ್ದೋಯ್ತದೆ. ಈಗ ಸರಿ ಮಾಡಿದ್ರೆ ಮುಗೀತು, ನೀನು ಜೀವ ಇರೋ ತನಕ ಕಳ್ಳಿ."

ಅವನು ಹೇಳಿದ್ದು ಕಡ್ಡಿ ಮುರಿದಷ್ಟು ಸ್ಪಷ್ಟವಾಗಿತ್ತು. ಆದರೆ ಎದುರಿಗೆ ತೇಜಶ್ರೀ ನಿಂತಿದ್ದಳು. ಅಂಕಿ ಇಳಿದಾಗಲೆಲ್ಲ ನಾನು ಬೇಯುತ್ತಿದ್ದ ಹಾಗೆಯೇ ಅವಳೂ ಬೇಯುತ್ತಿದ್ದಳು. ನನಗಾದರೆ ಮನೆಯಲ್ಲಿ ಒಂದು ಮಾತೂ ಬೈಯದ ಗಂಡನಿದ್ದ, ಅವಳಿಗೆ ರವೀಂದ್ರ. ಸಾಲಿನ ಹಿಂದೆ ಅನಸೂಯಮ್ಮ ಇದ್ದಳು, ತಡವಾದಷ್ಟೂ ನಷ್ಟ ಅವಳಿಗೇ. ಜೊತೆಗೆ, ಹೇಳಿಬಿಡುತ್ತೇನೆ, ಆ ಹುಡುಗಿಯ ಆಣೆಯನ್ನು ನಾನು ನಂಬಿದೆ. ಅಕ್ಕ ಎಂದು ಕರೆದು ದೇವರ ಹೆಸರು ಹಿಡಿದವಳು ಮಾತು ತಪ್ಪುತ್ತಾಳೆ ಎಂದು ಹೇಗೆ ಅಂದುಕೊಳ್ಳಲಿ?

ಮಾರನೆಯ ಮಧ್ಯಾಹ್ನ ಊರು ಉಂಡು ಮಲಗಿದ್ದ ಹೊತ್ತಿಗೆ ತೇಜಶ್ರೀ ಡೈರಿಯ ಹಿಂಬಾಗಿಲು ತೆರೆದಳು. ಸಿದ್ದೇಶ್ವರ ಹಲ್ಲು ಕಚ್ಚಿಕೊಂಡೇ ಬಂದಿದ್ದ. ಕೊತ್ತಂಬರಿ ಕಾಳಿಗಿಂತ ಚಿಕ್ಕದೊಂದು ಕೆಪಾಸಿಟರನ್ನು, ಪ್ರೋಬಿನ ಕೊಕ್ಕೆ ಹಿಡಿದಿದ್ದ ಜಾಗದಲ್ಲೇ ಬೆಸುಗೆ ಹಾಕಿ ಮುಚ್ಚಳ ತಿರುಗಿಸಿದ. ಹೋಗುವಾಗ ನನ್ನ ಮುಖ ನೋಡಲಿಲ್ಲ. ಆ ಸ್ಕೋಪು ಈಗಲೂ ಅವನ ಅಂಗಡಿಯಲ್ಲಿದೆ, ಮೇಲೊಂದು ಟವಲ್ಲು ಹೊದಿಸಿಟ್ಟಿದ್ದಾನೆ.

ಅವತ್ತಿನಿಂದ ಒಬ್ಬರ ಫ್ಯಾಟೂ ಇಳಿದಿಲ್ಲ. ತಿಂಗಳ ಸಭೆ ಬಂತು. ತೇಜಶ್ರೀ ಲೆಕ್ಕ ಓದಿದಳು, ಕೂತಳು. ನಾನು ಹೆಂಗಸರ ಸಾಲಿನಿಂದ ಅವಳನ್ನೇ ನೋಡುತ್ತಿದ್ದೆ. ಒಂದು ಸಲ ತಲೆ ಎತ್ತಿದಳು, ಗಂಡನ ಕಡೆ ನೋಡಿದಳು, ಮತ್ತೆ ತಗ್ಗಿಸಿದಳು. ಬಸವರಾಜು ವಂದನೆ ಹೇಳಿ ಮುಗಿಸಿದ. ನಾನೇ ಎದ್ದು ಹೇಳಬಹುದಿತ್ತು. ಹೇಳಿದ್ದರೆ ಕದ್ದು ಬಾಗಿಲು ತೆರೆದ ಮಾತು ಹೊರಬರುತ್ತಿತ್ತು, ಅಕ್ಕ ತಮ್ಮ ಮತ್ತೆ ಯಂತ್ರಕ್ಕೆ ಕೈಹಾಕಿದರು ಎಂದಾಗುತ್ತಿತ್ತು, ಆ ಹುಡುಗಿಯ ಬೆನ್ನು ಮುರಿಯುತ್ತಿತ್ತು. ಕೂತಲ್ಲೇ ಕೂತೆ.

ಮಾರನೆಯ ಬೆಳಿಗ್ಗೆ ನಾನು ಎಲ್ಲರಂತೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತೆ. ಈಗೀಗ ಕೊನೆಯಲ್ಲೇ ನಿಲ್ಲುತ್ತೇನೆ. ಜಗಲಿಯ ಮೇಲೆ ರವೀಂದ್ರ ಟೀ ಕುಡಿಯುತ್ತ, "ಸೆಕ್ರೆಟ್ರಿ ಬದಲಾದೇಟ್ಗೆ ಫ್ಯಾಟೂ ಬದಲಾಯ್ತು ನೋಡ್ರಪ್ಪ. ಯಾವ ಸ್ಕೋಪೂ ಬೇಕಾಗ್ಲಿಲ್ಲ," ಎನ್ನುತ್ತಿದ್ದ. ತೇಜಶ್ರೀ ನನ್ನ ಚೀಟಿ ಹರಿದು ಚಾಚಿದಳು. ಅದರ ಮೇಲೆ ನಾಲ್ಕು ಪಾಯಿಂಟ್ ಎರಡು ಎಂದಿತ್ತು. ಅವಳ ಕಣ್ಣು ಪ್ರಿಂಟರಿನ ಮೇಲೇ ಇತ್ತು.

ಹಿಂದೆ ತಿರುಗಿದರೆ ಅನಸೂಯಮ್ಮ. ತನ್ನ ಚೀಟಿಯನ್ನು ಕುಪ್ಪಸದೊಳಗೆ ಸೇರಿಸಿಕೊಂಡು ನನಗಾಗಿಯೇ ಕಾದಿದ್ದಳು. ಊರೆಲ್ಲ ಬೈದಾಗ ನನ್ನ ಪರ ಜಗಳ ಆಡಿದವಳು, ಈಗ ತನ್ನ ಒರಟು ಕೈಯನ್ನು ನನ್ನ ಹೆಗಲ ಮೇಲಿಟ್ಟಳು. ದನಿ ತಗ್ಗಿಸಿ, ಯಾರಿಗೂ ಕೇಳದ ಹಾಗೆ ಹೇಳಿದಳು:

"ಓಗ್ಲಿ ಬುಡು ಮಗಾ. ಮನ್ಸರಿಗೆ ಆಸೆ ಬತ್ತದೆ, ತಪ್ಪಾಯ್ತದೆ. ಈಗ ನಂಗೆ ಸರಿಯಾಗೇ ಬತ್ತಾ ಐತಲ್ಲ. ನಾನು ಮನಸ್ಸಲ್ಲಿ ಏನೂ ಮಡಿಕ್ಕಂಡಿಲ್ಲ ಕಣವ್ವ."

ನಾನು ಅವಳ ಮುಖ ನೋಡಿದೆ. ಅದರಲ್ಲಿ ಎಳ್ಳಷ್ಟೂ ಕೊಂಕಿರಲಿಲ್ಲ. ಹೂಂ ಎಂದು, ಖಾಲಿ ಕ್ಯಾನು ಎತ್ತಿಕೊಂಡು ಮನೆಗೆ ಬಂದೆ.